ಎಡಗಡೆಯ ಹಿಂದಿನ ಚಕ್ರ

ಕೊಪ್ಪ,
ಮಂಗಳವಾರ, ೧೦ ಫೆಬ್ರವರಿ ೨೦೨೬

ಪ್ರೀತಿಯ ತಮ್ಮ ಗಂಗಾಧರನಿಗೆ,

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತೇ? ಹಾಸನದ ವೆಲ್ಡಿಂಗ್ ಶೆಡ್ಡಿನಲ್ಲಿ ಇಡೀ ದಿನ ಕುಕ್ಕರುಗಾಲಿನಲ್ಲಿ ಕೂರುತ್ತೀಯಂತೆ, ನಿನ್ನ ಗೆಳೆಯ ಶಶಾಂಕ ಅಮ್ಮನಿಗೆ ಹೇಳಿದ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಳ್ಳದೆ ಕಿಡಿ ನೋಡುತ್ತಾ ಕೂರಬೇಡ, ಕಣ್ಣು ಹೋದರೆ ಮತ್ತೆ ತರಲಾಗುವುದಿಲ್ಲ. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲವಲ್ಲ. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ಹಿಡಿದುಕೊಂಡೇ ದಿನಕ್ಕೆರಡು ಸಲ ನಮ್ಮ ಗ್ಯಾರೇಜಿಗೆ ಬಂದು, "ಗಂಗ ಎಂತಾದ್ರೂ ಹೇಳಿದ್ನಾ?" ಎಂದು ಕೇಳಿ ಹೋಗುತ್ತಾಳೆ. ನೀನು ಅವಳ ಕೈಗೆ ಕೊಟ್ಟುಹೋದ ಕೀಲಿ ಇನ್ನೂ ಅವಳ ಸೆರಗಿನ ಗಂಟಿನಲ್ಲೇ ಇದೆ. ನಾನು ಕೇಳಿದರೂ ಕೊಡಲಿಲ್ಲ. ಗಾಡಿ ತೆಗೆಯುವಾಗಲೆಲ್ಲ ಎರಡನೆಯ ಕೀಲಿಯೇ ನನಗೆ ಗತಿ.

ಹೌದು, ಗಾಡಿ ಈಗ ನಾನೇ ಓಡಿಸುತ್ತಿದ್ದೇನೆ. ನಗಬೇಡ. ಶೃಂಗೇರಿಗೆ ಎರಡು ಸಲ ಹೋಗಿ ಬಂದೆ. ಶಾಲೆಯ ಹಳೇ ಮಿನಿಬಸ್ಸಿಗೆ ನಾವಿಬ್ಬರೂ ಸೇರಿ ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂರಿಸಿ ಮನೆಗಾಡಿ ಮಾಡಿದೆವಲ್ಲ, ಅದು ಎಷ್ಟು ಭಾರವಾಗಿದೆಯೆಂದು ಸ್ಟೀರಿಂಗ್ ಹಿಡಿದ ಮೇಲೇ ನನಗೆ ತಿಳಿದದ್ದು. ಇಳಿಜಾರಿನಲ್ಲಿ ಮನೆಯೇ ಬೆನ್ನ ಹಿಂದೆ ನಿಂತು ನೂಕುತ್ತದೆ. ತಿರುವಿನಲ್ಲಿ ಟ್ಯಾಂಕಿನ ನೀರು ಕುಲುಕಿದರೆ ಗಾಡಿಯೂ ಅದರ ಜೊತೆ ವಾಲುತ್ತದೆ. ನಿಂತಲ್ಲೆಲ್ಲ ಇಳಿದು ಚಕ್ರ ನೋಡುತ್ತೇನೆ. ಹಿಂದಿನ ಜೋಡಿ ಟೈರುಗಳನ್ನು ವೀಲ್ ಸ್ಪ್ಯಾನರಿನಿಂದ ತಟ್ಟಿ ಸದ್ದು ಕೇಳುತ್ತೇನೆ. ಹೊರಗಿನದು ಗಟ್ಟಿಯಾಗಿದ್ದರೆ ಒಳಗಿನದರ ಗಾಳಿ ಹೋದದ್ದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಚಕ್ರದ ನಡುವಿನ ಹಬ್ ಹತ್ತಿರ ಕೈಯ ಹಿಂಬದಿ ಹಿಡಿಯುತ್ತೇನೆ, ಅಮ್ಮ ನಮ್ಮ ಹಣೆಗೆ ಹಿಡಿಯುತ್ತಿದ್ದಳಲ್ಲ, ಹಾಗೆ. ಶೃಂಗೇರಿಯಲ್ಲಿ ಒಬ್ಬ ಹೆಂಗಸು ಅದನ್ನು ನೋಡಿ, "ಗಾಡಿಗೆ ಜ್ವರವಾ?" ಎಂದು ಕೇಳಿದಳು. ಬಂದರೆ ತಿಳಿಯಲಿ ಎಂದೇ ನೋಡುವುದು ಎಂದೆ.

ಅಪ್ಪ ಮೂವತ್ತೊಂದು ವರ್ಷ ಕೊಪ್ಪ–ಶೃಂಗೇರಿ ಬಸ್ಸು ಓಡಿಸಿದವನು, ಪ್ರಯಾಣಿಕರು ಚಹಾ ಕುಡಿಯುವಷ್ಟರಲ್ಲಿ ಬಸ್ಸಿಗೆ ಒಂದು ಸುತ್ತು ಬರುತ್ತಿದ್ದ. ನಮ್ಮಿಬ್ಬರನ್ನೂ ಹಿಂದೆ ಕರೆದುಕೊಂಡು, "ಒಂದನ್ನೇ ಮುಟ್ಟಿ ಬಿಸಿ ಅಂತ ಹೇಳ್ಬೇಡಿ. ಆಚೆ ಬದಿದನ್ನೂ ಮುಟ್ಟಿ, ಆಮೇಲೆ ಹೇಳಿ" ಎನ್ನುತ್ತಿದ್ದ. ನಾನಾಗ ಅಪ್ಪನ ಮಾತಿಗಿಂತ ಅವನ ಜೇಬಿನ ಕಡಲೆಕಾಯಿಯ ಮೇಲೆ ಕಣ್ಣಿಟ್ಟಿದ್ದೆ. ನೀನು ಮಾತ್ರ ನಾಲ್ಕೂ ಚಕ್ರ ಮುಟ್ಟಿ ಬರುತ್ತಿದ್ದೆ. ಈ ನಾಲ್ಕು ತಿಂಗಳಿಂದ ಆ ಮಾತು ತಲೆಯಲ್ಲಿ ತಿರುಗುತ್ತಲೇ ಇದೆ.

ಆ ವಿಜಯದಶಮಿಯ ವಿಷಯ ಬರೆಯದೆ ಈ ಕಾಗದ ಮುಗಿಯುವುದಿಲ್ಲ. ಹಿಂದಿನ ದಿನ ಆಯುಧಪೂಜೆ. ಅಪ್ಪ ಚಕ್ರಕ್ಕೆ ಬರೀ ಕುಂಕುಮ ಹಚ್ಚುತ್ತಿದ್ದ. ಟೈರಿಗೂ ಹಬ್‌ಗೂ ದೀಪದ ಎಳ್ಳೆಣ್ಣೆ ಸವರಿ ಮಿರಮಿರ ಮಿಂಚಿಸುವುದು ನಾನು ಸೇರಿಸಿದ್ದು, ಫೋಟೋದಲ್ಲಿ ಚೆನ್ನಾಗಿ ಬರುತ್ತದೆಂದು. ಮರುದಿನ ನೀನು ನರಸಿಂಹರಾಜಪುರದ ಭಾರ್ಗವಿ ಟೀಚರ್ ಮನೆಯವರನ್ನು ಹತ್ತಿಸಿಕೊಂಡು ಹೊರನಾಡಿಗೆ ಹೊರಟೆ. ಎಡಗಡೆಯ ಹಿಂದಿನ ಚಕ್ರದಲ್ಲಿ ಎಣ್ಣೆ ತಡೆಯುವ ಆಯಿಲ್ ಸೀಲ್ ಹರಿದು ಗೇರ್ ಆಯಿಲ್ ಬ್ರೇಕಿನ ಮೇಲೆ ಇಳಿದಿತ್ತು. ಬಸರೀಕಟ್ಟೆ ದಾಟಿದ ಮೇಲೆ ಇಳಿಜಾರಿನಲ್ಲಿ ಹೊಗೆ ಎದ್ದು, ಬ್ರೇಕ್ ಸರಿಯಾಗಿ ಹಿಡಿಯದೆ ಹೋಯಿತು. ನೀನು ಗಾಡಿಯನ್ನು ಕಣಿವೆಯ ಕಡೆಗೆ ಬಿಡದೆ ಗುಡ್ಡದ ಬದಿಯ ಮಣ್ಣಿನ ಧರೆಗೆ ಒರಗಿಸಿ ನಿಲ್ಲಿಸಿದೆ. ಎಲ್ಲರ ಜೀವ ಉಳಿಯಿತು, ಟೀಚರ ಅತ್ತೆಯ ಮಣಿಕಟ್ಟು ಮಾತ್ರ ಮುರಿಯಿತು. ಸಂಜೆ ಗ್ಯಾರೇಜಿನಲ್ಲಿ ಟೀಚರ ಗಂಡ, ಬಸ್ ನಿಲ್ದಾಣದ ಡ್ರೈವರುಗಳು ಎಲ್ಲರೂ ಸೇರಿದ್ದಾಗ ನಾನು, "ಇಳಿದು ಚಕ್ರ ಮುಟ್ಟಿ ನೋಡಿದ್ರೆ ಗೊತ್ತಾಗ್ತಿತ್ತು" ಎಂದುಬಿಟ್ಟೆ. ನೀನು ನನ್ನ ಮುಖವನ್ನೇ ನೋಡಿದೆ. ಕೀಲಿಯನ್ನು ಅಮ್ಮನ ಕೈಗಿಟ್ಟು ಹೊರಟೆ.

ಅಂದಿನಿಂದ ನೀನು ಸ್ಟೀರಿಂಗ್ ಮುಟ್ಟಿಲ್ಲವಂತೆ. ಇಪ್ಪತ್ತೆರಡು ವರ್ಷ ಯಾರಿಗೂ ಒಂದು ಗಾಯ ಮಾಡದೆ ಓಡಿಸಿದವನನ್ನು ಇಲ್ಲಿಯ ಡ್ರೈವರುಗಳು ಈಗ 'ಚಕ್ರ ನೋಡದೆ ಹೋದವನು' ಎನ್ನುತ್ತಾರೆ. ಆ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ.

ಹೋದ ವಾರ ಜಾಕಿ ಹುಡುಕುತ್ತಾ ಗಾಡಿಯ ಡಿಕ್ಕಿಗೆ ಕೈ ಹಾಕಿದರೆ ನನ್ನ ಹಳೇ ಹಸಿರು ಸೀರೆಯ ತುಂಡು ಸಿಕ್ಕಿತು. ಎಣ್ಣೆ ಒರೆಸಿ, ನೀಟಾಗಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದೆ ನೀನು. ಒರೆಸುವ ಬಟ್ಟೆಯನ್ನೂ ಮಡಿಸಿಡುವವರು ಈ ತಾಲ್ಲೂಕಿನಲ್ಲಿ ಇನ್ಯಾರಿದ್ದಾರೆ? ಮೂಸಿ ನೋಡಿದೆ. ಎಳ್ಳೆಣ್ಣೆಯಲ್ಲ, ಗೇರ್ ಆಯಿಲ್ಲಿನ ಘಾಟು, ಇನ್ನೂ ಹೋಗಿಲ್ಲ. ಅಮ್ಮನಿಗೆ ತೋರಿಸಿ, ನೋಡು, ಗಂಗ ಇಳಿದಿದ್ದಾನೆ, ಚಕ್ರ ನೋಡಿದ್ದಾನೆ, ಒರೆಸಿಯೂ ಇದ್ದಾನೆ ಎಂದೆ. ಅಮ್ಮ ಬಟ್ಟೆಯ ಮಡಿಕೆ ಬಿಚ್ಚಿ, "ಎಣ್ಣೆ ಕಂಡ್ಮೇಲೂ ಅವ ಎಂತಕ್ಕೆ ಮುಂದೆ ಹೋದ?" ಎಂದು ಕೇಳಿದಳು. ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಹೇಳಿ ನಾನು ಎದ್ದುಬಂದೆ. ಒಲೆಯ ಮೇಲೆ ಹಾಲು ಇರಲಿಲ್ಲ.

ಗಾಡಿಗೆ ಹೊಸ ಸೀಲ್, ಹೊಸ ಬೇರಿಂಗ್ ಹಾಕಿಸಿದ್ದೇನೆ. ಹಿಂದಿನ ಆರು ಟೈರುಗಳಲ್ಲಿ—ನೋಡು, ಲೆಕ್ಕ ತಪ್ಪಿದೆ, ಹಿಂದಿರುವುದು ನಾಲ್ಕೇ—ಎರಡನ್ನು ಬದಲಿಸಿದ್ದೇನೆ. ಮನಸ್ಸು ನೆಟ್ಟಗಿಲ್ಲದಾಗ ಬರೆದರೆ ಹೀಗೇ ಆಗುವುದು. ಹೊತ್ತುಹೊತ್ತಿಗೆ ಊಟ ಮಾಡು. ಶಶಾಂಕನಿಗೂ ಅವನ ಹೆಂಡತಿಗೂ ನನ್ನ ನೆನಪು ತಿಳಿಸು. ಅಮ್ಮನ ಆಶೀರ್ವಾದ ನಿನ್ನ ಮೇಲಿದೆ, ನನ್ನದೂ ಇದೆ, ನಿನಗೆ ಬೇಕೆನಿಸಿದರೆ.

ನಿನ್ನ ಅಕ್ಕ,
ಸುಮಲತಾ

ಮರೆತದ್ದಲ್ಲ, ಬರೆಯಲು ಹೆದರಿದ್ದು: ನರಸಿಂಹರಾಜಪುರದ ಪೋಸ್ಟ್ ಆಫೀಸಿನ ಜಗಲಿಯಲ್ಲಿ ಕೂತು, ನಿನ್ನೆ ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಅಮ್ಮ ಕೇಳಿದ್ದಕ್ಕೆ ಉತ್ತರ ನನ್ನ ಹತ್ತಿರವೇ ಇತ್ತು. ನೀನು ಅವತ್ತು ಬಸರೀಕಟ್ಟೆಗೆ ಮುಂಚೆ ಜಯಪುರದಲ್ಲಿ ನಿಲ್ಲಿಸಿ ನನಗೆ ಫೋನ್ ಮಾಡಿದ್ದೆ. "ಅಕ್ಕಾ, ಎಡಗಡೆ ಹಿಂದಿನ ಚಕ್ರದಲ್ಲಿ ಎಣ್ಣೆ ಇಳ್ದದೆ, ಎಂತ ಮಾಡ್ಲಿ?" ಎಂದೆ. ನಾನು ನೆಂಟರಿಗೆ ಬಡಿಸುತ್ತಾ, "ನಾನು ನಿನ್ನೆ ಹಚ್ಚಿದ ಪೂಜೆ ಎಣ್ಣೆ ಮಾರಾಯ, ಒರೆಸಿ ಹೊರಡು" ಎಂದೆ. ಸಂಜೆ ಎಲ್ಲರ ಮುಂದೆ ನೀನು ನನ್ನ ಮುಖ ನೋಡಿದಾಗ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ತಪ್ಪು ನನ್ನದು, ತಲೆ ತಗ್ಗಿಸಿ ಹೋದವನು ನೀನು. ಇವತ್ತು ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಆಮೇಲೆ ಬಸ್ ನಿಲ್ದಾಣಕ್ಕೆ ಹೋಗಿ ಅದೇ ಡ್ರೈವರುಗಳ ಎದುರು ಹೇಳಿದೆ. ಈಗಷ್ಟೇ ಟೀಚರ್ ಮನೆಯಲ್ಲೂ ಹೇಳಿ ಬಂದೆ. ಟೀಚರ್ ನನಗೆ ನೀರೂ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಅವರ ಅತ್ತೆ ಮಾತ್ರ, "ನಾನು ಹೊರನಾಡು ನೋಡ್ಲೇಬೇಕು. ಧರೆಗೆ ಒರಗಿಸಿ ನಮ್ಮನ್ನ ಉಳಿಸಿದವನೇ ಬರ್ಲಿ" ಎಂದರು. ಅಮ್ಮ ಸೆರಗಿನ ಗಂಟು ಬಿಚ್ಚಿದ್ದಾಳೆ. ಕೀಲಿ ಈ ಲಕೋಟೆಯಲ್ಲೇ ಇದೆ. ಬಾ. ಇನ್ನು ಮೇಲೆ ಚಕ್ರದಲ್ಲಿ ಎಣ್ಣೆ ಕಂಡರೆ ನನ್ನನ್ನು ಕೇಳಬೇಡ, ಗಾಡಿ ನಿಲ್ಲಿಸು.