ಹಳ್ಳದ ದಂಡಿಯ ಕಂಬಳಿ

ಆಸ್ಟ್ರೇಲಿಯಾ, ಅಡವಿಯೊಳಗಿನ ಟೆಂಟು
ರವಿವಾರ, ೧೯ ಏಪ್ರಿಲ್ ೨೦೨೬

ನನ್ನ ಮುದ್ದಿನ ಮುದುಕ ರಾಚಪ್ಪಜ್ಜಾ, ನಿನ್ನ ಪಾದಕ್ಕ ಐಶ್ವರ್ಯಾಳ ಶರಣು.

ಮೊದಲ ನಿನ್ನ ಮೊಣಕಾಲು ಹ್ಯಾಂಗದಾವ ಹೇಳು. ದವಾಖಾನಿ ಎಣ್ಣಿ ಹಚ್ಚಾಕತ್ತೀಯೋ, ಇಲ್ಲಾ ಬಾಟ್ಲಿ ಗೂಡಿನ್ಯಾಗ ಇಟ್ಟು ಧೂಳ ಹಿಡಿಸಾಕತ್ತೀಯೋ? ಹುನಗುಂದ ಬಸ್‌ಸ್ಟ್ಯಾಂಡಿಗೆ ಹೋಗಿ ಕದ್ದು ಸಕ್ಕರಿ ಚಹಾ ಕುಡೀತೀ ಅಂತ ಅವ್ವ ಹೇಳ್ಯಾಳ. ಎಲ್ಲಾ ವರದಿ ಬರತೈತಿ ನನಗ, ಹುಷಾರ್! ನಾ ಮೈಯಿಂದ ಆರಾಮದೇನಿ. ಮನಸಿನ ಸುದ್ದಿ ಬ್ಯಾರೆ ಐತಿ, ಕುಂತು ಓದು. ಫೋನ್ ಬಿಟ್ಟು ಕಾಗದ ಯಾಕ ಅಂತೀ? ಇಲ್ಲಿ ಗೇಟಿನ್ಯಾಗ ಎಲ್ಲಾರ ಫೋನ್ ಇಸ್ಕೊಂಡು ಪೆಟ್ಟಿಗ್ಯಾಗ ಹಾಕ್ಯಾರ, ನಾಳೆ ಸಂಜಿಗೆ ಕೊಡ್ತಾರಂತ. ಕೊಟ್ರೂ ಅವ್ವ ಸ್ಪೀಕರ್ ಹಚ್ಚತಾಳ, ಓಣಿಗೆಲ್ಲಾ ಕೇಳತೈತಿ. ಕೆರೂರಿನ ತೌಸಿಫ, ನನ್ನ ಕೂಡ ದ್ರಾಕ್ಷಿ ಹರಿಯಾಕ ಬಂದಾವ, ಇವತ್ತ ಊರಿಗೆ ಹೊಂಟಾನ. ಅವನ ಕೈಯಾಗ ಇದನ್ನ ಕಳಸಾಕತ್ತೀನಿ. ಹುನಗುಂದದ ತನಕ ಬಸ್ ಹತ್ತಿ ಬಂದು ಕೊಡ್ತಾನ, ಊಟ ಹಾಕಿ ಕಳಸು.

ವರ್ಷ ಹ್ಯಾಂಗ ಹೋತೋ ತಿಳೀಲಿಲ್ಲ. ತ್ವಾಟದಾಗಿನ ಸುಗ್ಗಿ ಮುಗೀತು, ಈ ಶುಕ್ರವಾರಕ್ಕ ನನ್ನ ವೀಸಾನೂ ಮುಗೀತೈತಿ. ಹೋಗೂಕಿಂತ ಮೊದಲ ಒಮ್ಮೆ ನೋಡಿ ಹೋಗು ಅಂತ ಕೂಡ ಕೆಲಸ ಮಾಡೋರು ಈ ಹಿಪ್ಪಿ ಮಂದಿ ಕೂಟಕ್ಕ ಎಳಕೊಂಡು ಬಂದ್ರು. ಇನ್ನೂರು ಮಂದಿ, ಒಬ್ಬರ ಕಾಲಾಗೂ ಚಪ್ಪಲಿಲ್ಲ. ಗಂಡಸರಿಗೆ ಜಡಿ, ಹೆಂಗಸರಿಗೆ ಬೋಳ ತಲಿ. ಗಿಡ ತಬ್ಕೊಂಡು ಅಳ್ತಾರ, ಯಾಕ ಅಂತ ಕೇಳಿದ್ರ ನಗ್ತಾರ. ನೀ ನೋಡಿದ್ರ ಇವರಿಗೆ ಮನಿ ಮಾರು ಇಲ್ಲೇನು ಅಂತಿದ್ದಿ. ಆದ್ರ ಒಂದು ಮಾತು ಖರೆ, ಮಾರೋದು ಕೊಳ್ಳೋದು ಇಲ್ಲಿ ಇಲ್ಲ. ಒಂದ ಕೊಪ್ಪರಿಗ್ಯಾಗ ಬ್ಯಾಳಿ ಕುದಸ್ತಾರ, ದೊಡ್ಡವ ಸಣ್ಣವ ಅನ್ನದ ಎಲ್ಲಾರೂ ಒಂದ ಸಾಲಿನ್ಯಾಗ ಕುಂತು ಉಣ್ತಾರ. ಅದಷ್ಟು ನಿನಗ ಸೇರತಿತ್ತು.

ಈಗ ಬೈಬ್ಯಾಡ, ಪೂರ್ತಿ ಓದು. ನಿನ್ನೆ ಮುಂಜಾನಿ ಹುಡುಗ್ಯಾರ ಕೂಡ ಹಳ್ಳಕ್ಕ ಜಳಕಕ್ಕ ಹೋದ್ನಿ. ಸೆಳವು ಭಾಳ ಇತ್ತು. ಕೊರಳಾಗ ಲಿಂಗ ಕಟ್ಟಿದ ಶಿವದಾರ ನೋಡಿದ್ರ ಸವದು ಎಳಿಎಳಿ ಆಗಿತ್ತು. ಲಿಂಗ ಮೈಮ್ಯಾಲಿಂದ ತಗೀಬಾರದು ಅಂತ ನನಗೂ ಗೊತ್ತೈತಿ, ಆದ್ರ ದಾರ ಹರದು ನೀರಪಾಲು ಆದ್ರ ಹ್ಯಾಂಗ ಅಂತ ಬಿಚ್ಚಿದ್ನಿ. ದಂಡಿಮ್ಯಾಲ ಒಂದು ಕಂಬಳಿ ಹಾಸಿತ್ತು, ಅದರಮ್ಯಾಲ ಗಡಿಯಾರ, ಶಾಲು, ಮಣಿಸರ. ಬಾಜೂಕ ಒಬ್ಬಾಕಿ ಬೆಳ್ಳಿಗೂದಲಿನ ಮುದುಕಿ ಕುಂತಿದ್ಳು. ಮಹಾಕೂಟದ ಹೊಂಡದಾಗ ನಾವೆಲ್ಲಾ ಈಸಾಕ ಇಳಿದಾಗ ಆಯಿ ಕಂಬಳಿ ಹಾಸಿ ನಮ್ಮ ಬಂಗಾರ, ಗಡಿಯಾರ ಕಾಯಕೋತ ಕುಂದರತಿದ್ಳಲ್ಲ, ನನ್ನ ತಲಿಗೆ ಅದ ಬಂತು. ಬೆಳ್ಳಿ ಕರಡಗಿ ಡಬ್ಬಿ ಒಳಗಿನ ಲಿಂಗದ ಸಮೇತ ಅಲ್ಲಿಟ್ನಿ. ಮುದುಕಿ ಎದಿಮ್ಯಾಲ ಕೈ ಇಟ್ಟು ತಲಿ ಬಗ್ಗಿಸಿದ್ಳು. ನಾ ಕಾಯ್ತೇನಿ ಹೋಗವಾ ಅಂದಂಗ ಆತು ನನಗ. ಅಜ್ಜಾ, ಅದು ದಾನದ ಕಂಬಳಿ! ತನಗ ಬ್ಯಾಡಾದ್ದನ್ನ ಇಟ್ಟು ಹೋಗೋದು, ಬೇಕಾದವರು ಒಯ್ಯೋದು, ಒಯ್ದದ್ದನ್ನ ತಿರುಗಿ ಕೇಳಬಾರದು. ಇದು ಇಲ್ಲಿ ರೀತಿ, ನನಗ ಯಾರೂ ಹೇಳಿರಲಿಲ್ಲ.

ನೀರಿಂದ ಎದ್ದು ಬಂದ್ರ ಕರಡಗಿ ಇಲ್ಲ. ಒದ್ದೀ ಕೂದಲಾಗ ಟೆಂಟಿಂದ ಟೆಂಟಿಗೆ ಓಡಿದ್ನಿ. ನನ್ನ ಎಂಟನೇ ವರ್ಷಕ್ಕ ಇಳಕಲ್ಲಿಂದ ರಾಚಯ್ಯಸ್ವಾಮಿಗಳನ್ನ ಕರಿಸಿ ನೀ ಕಟ್ಟಿಸಿದ ಲಿಂಗ. ಬರಿ ಕೊರಳು ತಗೊಂಡು ನಿನ್ನ ಮುಂದ ಹ್ಯಾಂಗ ನಿಂದ್ರಲಿ? ಡೋಲು ಬಾರಸೋರ ಕೈ ಹಿಡಿದು ನಿಲ್ಲಿಸಿ ಕೇಳಿದ್ನಿ. ತೌಸಿಫ ಆ ಕಡಿ ಗುಡ್ಡದ ಮಗ್ಗಲ ಹುಡುಕಿದ. ಮಧ್ಯಾಹ್ನಕ್ಕ ಒಬ್ಬ ಬೋಳತಲಿಯವನ ಕೊರಳಾಗ ಕರಡಗಿ ಕಾಣಿಸಿತು. ಕೊರಳಪಟ್ಟಿ ಹಿಡೀಬೇಕಂದ್ರ ಅವನ ಮೈಮ್ಯಾಲ ಅಂಗೀನೂ ಇರಲಿಲ್ಲ! ಕಸಗೊಂಡು ತೆರದ್ರ ಒಳಗ ತಂಬಾಕ. ಲೇ, ಒಳಗಿಂದು ಎಲ್ಲಿ ಒಗದೀ ಅಂತ ಅಚ್ಚ ಹುನಗುಂದದ ಭಾಷಾದಾಗ ಚೀರಿದ್ನಿ, ಅವಗ ತಿಳೀತು. ಹಳ್ಳದ ಕರಿ ಕಲ್ಲು ಅನಕೊಂಡು ಹಳ್ಳಕ್ಕ ತಿರುಗಿ ಕೊಟ್ನಿ ಅಂತ ತೋರಿಸಿದ, ಮಾರಿ ಬಿಳಚಿಗೊಂಡಿತ್ತು.

ಅದು ಅಕಿ ಪ್ರಾಣ ಇದ್ದಂಗ ಅಂತ ತೌಸಿಫ ಎಲ್ಲಾರಿಗೂ ತಿಳಿಸಿ ಹೇಳಿದ. ಆಮ್ಯಾಲ ನೋಡಬೇಕಿತ್ತು ನೀ. ಅರವತ್ತು ಎಪ್ಪತ್ತು ಮಂದಿ ಮೊಣಕಾಲುಮಟ ನೀರಾಗ ಇಳಿದು ಉಸುಕು ಜಾಡಿಸಿದ್ರು. ಆ ಮುದುಕಿನೂ ಇಳಿದ್ಳು. ಕರಿ ಕಲ್ಲು ಸಿಕ್ಕವರೆಲ್ಲಾ ಓಡಿ ಬಂದು ನನ್ನ ಅಂಗೈಯಾಗ ಇಡತಿದ್ರು. ಅಲ್ಲ, ಇದಲ್ಲ, ಇದೂ ಅಲ್ಲ. ಹೊತ್ತು ಇಳೀತು. ಕಡೀಕ ಆ ಬೋಳತಲಿಯವ ಎರಡೂ ಕೈ ಬೊಗಸಿ ಮಾಡಿ ತಂದ, ನುಣ್ಣನ್ನ ಕರ್ರನ್ನ ಒಂದು. ಇದ ಅಂದ್ನಿ. ಮಂದಿ ಚಪ್ಪಾಳಿ ಹೊಡದ್ರು, ಅವ ಕುಸದು ಕುಂತು ಸಣ್ಣ ಕೂಸಿನಂಗ ಅತ್ತ. ಕರಡಗಿ ಏಳು ಸಲ ತೊಳದು, ವಿಭೂತಿ ಹಚ್ಚಿ, ಹೊಸ ದಾರಕ್ಕ ಕಟ್ಟಿ ಹಾಕ್ಕೊಂಡೀನಿ. ಈಗ ಕೊರಳಾಗ ಐತಿ.

ನಾ ಗುರುವಾರ ವಿಮಾನ ಹತ್ತತೇನಿ, ಶನಿವಾರ ಮುಂಜಾನಿ ಬಾಗಲಕೋಟಿ ಸ್ಟೇಶನ್ನಿನ್ಯಾಗ ಇಳೀತೇನಿ. ಅವ್ವಗ, ಅಪ್ಪಗ ನನ್ನ ನೆನಪು ಹೇಳು. ಬಸವಣ್ಣ ನಿನ್ನ ಮೊಣಕಾಲಿಗೆ ಕಸುವು ಕೊಡಲಿ, ನಾಲಿಗಿಗೆ ಒಂದೀಟು ಹಿಡತ ಕೊಡಲಿ.

ನಿನ್ನ ಮೊಮ್ಮಗಳು,
ಐಶ್ವರ್ಯ

ತಾ.ಕ.: ತೌಸಿಫ ಹಾರ್ನ್ ಹೊಡಿಯಾಕತ್ತಾನ, ಲಗೂನ ಬರೀತೇನಿ. ಅಜ್ಜಾ, ಅದ ಲಿಂಗ ಹೌದೋ ಅಲ್ಲೋ ನನಗ ಗೊತ್ತಿಲ್ಲ. ಅವ ನಡಗಾಕತ್ತಿದ್ದ, ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು, ಹೌದು ಅಂದುಬಿಟ್ನಿ. ಪ್ರತಿ ಸೋಮವಾರ ನೀ ಫೋನಿನ್ಯಾಗ ಪೂಜಿ ಆತೇನವಾ ಅಂತ ಕೇಳತಿದ್ದಿ, ಆತಜ್ಜಾ ಅಂತಿದ್ನಿ. ಸುಳ್ಳು. ಈ ಒಂದು ವರ್ಷ ಆ ಕರಡಗಿ ಒಂದು ದಿನಾನೂ ತೆರದಿಲ್ಲ ನಾ. ದಿನಾ ಅಂಗೈಯಾಗ ಹಿಡಿದಿದ್ರ ಕಣ್ಣು ಮುಚ್ಚಿದ್ರೂ ಗುರುತು ಸಿಗತಿತ್ತು. ಈಗ ಕೊರಳಾಗ ಕಟ್ಕೊಂಡು, ಕೈ ಮುಗಿಯಾಕ ಧೈರ್ಯ ಸಾಲದ ಕುಂತೀನಿ. ಅವ್ವಗ ಹೇಳಬ್ಯಾಡ. ಬೈಯಿ, ಬೇಕಾದ್ರ ಎರಡು ಬಡಿ, ಆದ್ರ ಶನಿವಾರ ಸ್ಟೇಶನ್ನಿಗೆ ನೀನ ಬಾ, ಒಬ್ಬನ ಬಾ.