ಕಸ ಎಂಬ ಫೋಲ್ಡರ್

ಪಾರಿಶ್ವಾಡ

ಹಿಂದವಾಡಿಯ ಮನೆಯಲ್ಲಿ ನೆರೆದಿರುವ ಸಕಲ ಸಭಿಕರೇ, ಮಗಳೇ ದಾನೇಶ್ವರಿ,

ಕೇಳಿರಿ! ನಮ್ಮ ಕಂಪ್ಯೂಟರ್ ಇಂದು ಘರ್ಜಿಸಿತು. ಪರದೆಯ ಮೇಲೆ ಕೆಂಪಕ್ಷರ: 'ರಿಜಿಸ್ಟ್ರಿ ದೋಷ. ಕಸ ತುಂಬಿದೆ. ಅಳಿಸಲೇ?' ಬಾಜೂಮನೆಯ ಯಲ್ಲೇಶ, "ಕಸಾ ಇಟ್ಕೊಂಡು ಪೂಜಿ ಮಾಡ್ತೀರೇನ್ರಿ ಕಾಕಾ? ಹೂಂ ಅನ್ರಿ" ಎಂದು ಬೆರಳು ಚಾಚಿದ. ನಾನು ವೈರನ್ನೇ ಕಿತ್ತೆ.

ನಾಟಕದ ತಾಲೀಮಿನಲ್ಲಿ ನಿನ್ನವ್ವನ ಹಾಡು ಮುದ್ರಿಸಿದಾಗ, "ನನ್ನ ದನಿ ಕಸ ಐತಿ, ಒಗೀರಿ" ಎಂದು ನಕ್ಕಿದ್ದಳು. ಅವಳನ್ನು ಕಾಡಿಸಲು ಆ ಫೋಲ್ಡರಿಗೆ 'ಕಸ' ಎಂದೇ ಹೆಸರಿಟ್ಟೆ. ಅವಳು ಹೋದ ಮೇಲೆ ಉಳಿದಿರುವ ದನಿ ಅದೊಂದೇ. ಯಂತ್ರಕ್ಕೆ ಚೇಷ್ಟೆ ತಿಳಿಯುತ್ತದೆಯೇ? ಮತ್ತೆ ಚಾಲೂ ಮಾಡದೆ ವೈರನ್ನು ಕಿಸೆಯಲ್ಲಿಟ್ಟುಕೊಂಡಿದ್ದೇನೆ.

ಪತ್ರ ತಂದ ಯಲ್ಲೇಶನಿಗೆ ಚಹಾ ಕೊಡು, ಬೈಯಬೇಡ. ಪೆನ್‌ಡ್ರೈವ್ ಸಿದ್ಧವಿಡು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ, ಕಂಪ್ಯೂಟರನ್ನು ಅವಳ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು ಬರುತ್ತೇನೆ.

ನಿನ್ನ ಅಪ್ಪ,
ಗುರುಪುತ್ರಪ್ಪ