ಹೆಡ್ಡಿನಲ್ಲಿ ಬಿರುಕು ಇರಲಿಲ್ಲ

ನಮ್ಮ ಮನೆಯವರಿಗೆ,

ಇದ್ದಾಗಲೂ ನಿಮ್ಮ ಹೆಸರು ಹಿಡಿದು ಕರೆದವಳಲ್ಲ, ಈಗ ಬರೆಯಲೂ ಕೈ ಬರುತ್ತಿಲ್ಲ. ಆದರೆ ‘ರೀ’ ಎಂದು ಮೆತ್ತಗೆ ಶುರು ಮಾಡುವ ಮನಸ್ಸೂ ಇಲ್ಲ. ನಿಮ್ಮ ಮೇಲೆ ಸಿಟ್ಟು ಬಂದಿದೆ. ಸಿಟ್ಟು ಅನ್ನುವುದು ಸಣ್ಣ ಮಾತಾಯಿತು.

ಮದುವೆಯಾದ ಹೊಸದರಲ್ಲಿ ತಾರ್ನಾಕದ ಯೂನಿವರ್ಸಿಟಿ ರಸ್ತೆಯಲ್ಲಿ ನನಗೆ ಬೈಕು ಕಲಿಸಿದವರು ನೀವೇ. ಬೀದರಿನಿಂದ ಓಡಿಸಿಕೊಂಡು ತಂದಿದ್ದ ಭಾರದ ಗಾಡಿ. ಕಿಕ್ ಹೊಡೆಯಲಾಗದೆ ನಾನು ಅತ್ತಾಗ, “ನಮ್ಮವ್ವ ನಿನಗ ಅಂದಿದ್ದೆಲ್ಲಾ ನೆನಸ್ಕೊಂಡು ಒದಿ” ಎಂದಿರಿ. ಒಂದೇ ಏಟಿಗೆ ಶುರುವಾಯಿತು! ಆಮೇಲೆ ದಿನಾ ಬೆಳಿಗ್ಗೆ ನಾನು ಮುಂದೆ, ನೀವು ಹಿಂದೆ. ಸಿಕಂದರಾಬಾದಿನ ಆಫೀಸಿನ ಎದುರು ನಿಮ್ಮನ್ನಿಳಿಸಿ ನಾನು ಹಿಮಾಯತ್‌ನಗರದ ನನ್ನ ಶಾಲೆಗೆ ಹೋಗುತ್ತಿದ್ದೆ. ಅಷ್ಟು ಖುಷಿಯಾಗಿ ನಾನು ಮತ್ತೆಂದೂ ಕೆಲಸಕ್ಕೆ ಹೋಗಲಿಲ್ಲ.

ಗಾಡಿ ಹೊಗೆ ಬಿಡತೊಡಗಿದಾಗ ಒಂದು ಭಾನುವಾರ ವರಾಂಡದಲ್ಲಿ ಪೇಪರು ಹಾಸಿ ನೀವೇ ಎಂಜಿನ್ನಿನ ಮೇಲಿನ ಮುಚ್ಚಳ, ಆ ಹೆಡ್ಡು, ಬಿಚ್ಚಿದಿರಿ. ನನ್ನನ್ನು ಕರೆದು, ವಾಲ್ವ್ ಕೂರುವ ಎರಡು ತೂತುಗಳ ನಡುವಿನ ಕಪ್ಪು ಗೆರೆಯನ್ನು ಉಗುರಿನಿಂದ ತೋರಿಸಿದಿರಿ. “ಬಿರುಕು ಬಿಟ್ಟೈತಿ. ಈ ಹೆಡ್ಡ ಮುಗೀತು. ಹೊಸಾದು ಎಲ್ಲೂ ಸಿಗಂಗಿಲ್ಲ.” ನಾನು ಅತ್ತೆ. ನೀವು ಬೆನ್ನು ಸವರಿದಿರಿ. ಆ ಕೈ ಹೇಗೆ ಬಂತು ನಿಮಗೆ… ಮರುದಿನದಿಂದ ನೀವು ಬಸ್ಸು, ನಾನು ಶೇರ್ ಆಟೊ. ಸ್ಕೂಟರಾದರೂ ಕೊಳ್ಳೋಣ ಎಂದಾಗಲೆಲ್ಲ “ನೋಡೂಣು” ಎಂದಿರಿ. ನೋಡುತ್ತ ನೋಡುತ್ತ ನಾನು ರಿಟೈರೇ ಆದೆ.

ಹೋದ ತಿಂಗಳು, ಇಷ್ಟು ವರ್ಷ ಮೂಲೆಯಲ್ಲೇ ನಿಂತಿದ್ದ ಗಾಡಿ ಮಾರೋಣವೆಂದು ಬಸಣ್ಣನನ್ನು ಕರೆಸಿದೆ. ನಮ್ಮ ಭಾಲ್ಕಿ ಕಡೆಯವನು, ಸಿಕಂದರಾಬಾದಿನಲ್ಲಿ ವರ್ಕ್‌ಶಾಪ್ ಇಟ್ಟಿದ್ದಾನೆ. ಹೆಡ್ಡು ಬಿಚ್ಚಿ, ಪೆಟ್ರೋಲು ಅದ್ದಿದ ಬಟ್ಟೆಯಿಂದ ಒರೆಸಿದ. ನೀವು ತೋರಿಸಿದ್ದ ಗೆರೆ ಬಟ್ಟೆಗೆ ಹತ್ತಿಕೊಂಡು ಬಂತು.

“ಬಿರುಕು ಎಲ್ಲೈತ್ರಿ ಅಕ್ಕಾರ? ಇದು ಬರೇ ಮಸಿ. ವಾಲ್ವ್ ಆಡೋ ಗೈಡು ಸವದಾವು, ಅದು ಕೂಡೋ ಸೀಟು ತಗ್ಗಾಗ್ಯಾವು, ಅದಕ್ಕ ಹೊಗಿ ಬಿಟ್ಟೈತಿ, ಅಷ್ಟ.”

“ನಮ್ಮ ಮನೆಯವರಿಗೆ ತಿಳಿದಿರಲಿಕ್ಕಿಲ್ಲ,” ಎಂದೆ. ಆಗಲೂ ನಿಮ್ಮ ಪರವಾಗಿಯೇ ಮಾತಾಡಿದೆ, ನೋಡಿ.

ಅವನು ತಲೆ ಎತ್ತಲಿಲ್ಲ. “ಇದನ್ನ ಹಿಂದ ಬಿಚ್ಚಿ ಕೂಡಿಸಿದ ಕೈ ಭಾಳ ತಿಳಿದ ಕೈ ಐತ್ರಿ.”

ಮರುದಿನ ನಿಮ್ಮ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ವಿಠ್ಠಲರಾಯರ ಮನೆಗೆ ಹೋಗಿ, ನೀವು ಗಾಡಿ ಬಿಟ್ಟದ್ದು ಯಾಕೆಂದು ಕೇಳಿದೆ. “ಹೋಗ್ಲಿ ಬಿಡ್ರಿ ವೈನಿ,” ಎಂದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಬಾಯಿಬಿಟ್ಟರು: “ಆಫೀಸಿನ್ಯಾಗ ನಾವೆಲ್ಲಾ ನಗತಿದ್ವಿ, ಹೆಂಡ್ತಿ ಹಿಂದ ಕೂತು ಬರತಾನಂತ. ಒಂದಿನ ಅವನಽ ಬಂದು, ‘ಇನ್ನ ನಗಬ್ಯಾಡ್ರಿ, ಗಾಡಿ ಕಥಿ ಮುಗಿಸೀನಿ’ ಅಂದ.”

ಅಷ್ಟೇನಾ? ‘ನನಗೆ ನಾಚಿಕೆಯಾಗುತ್ತದೆ’ ಎಂದು ನನ್ನ ಮುಂದೆ ಹೇಳಬಹುದಿತ್ತಲ್ಲ? ಜಗಳವಾಡುತ್ತಿದ್ದೆ, ನಾಲ್ಕು ದಿನ ಮಾತು ಬಿಡುತ್ತಿದ್ದೆ, ಕೊನೆಗೆ ನಿಮ್ಮನ್ನು ಆಫೀಸಿನ ಹಿಂದಿನ ಗಲ್ಲಿಯಲ್ಲಿ ಇಳಿಸಿ ಮುಂದೆ ಹೋಗುತ್ತಿದ್ದೆನೋ ಏನೋ. ಅವರಿಗೆ ಹೇಳಿದ ನಿಜ ನನಗೆ ಯಾಕೆ ಹೇಳಲಿಲ್ಲ? ನಿಮಗೂ ಆ ಗಾಡಿಯೆಂದರೆ ಜೀವವಾಗಿತ್ತು. ಅದನ್ನೂ ಬಿಟ್ಟು ಬಸ್ಸಿನಲ್ಲಿ ನೇತಾಡಿದಿರಲ್ಲ, ನನ್ನ ಹಿಂದೆ ಕೂರುವುದು ಅಷ್ಟೊಂದು…

ಮಾರುವುದಿಲ್ಲ, ಓಡುವ ಹಾಗೆ ಮಾಡಿಕೊಡು ಎಂದಾಗ ಬಸಣ್ಣ ಬುದ್ಧಿಯ ಮಾತನ್ನೇ ಹೇಳಿದ. “ಹೊಸಾ ಹೆಡ್ಡ ಸಿಗತೈತ್ರಿ. ಹಾಕಿದ್ರ ಚಿಂತಿಲ್ಲ. ಹಳೇದಕ್ಕ ಗೈಡು, ಸೀಟು ಎಲ್ಲಾ ಹೊಸಾದು ಕೂಡಿಸಬೇಕು. ಗಾಳಿ ಹಾಯೋ ಪಟ್ಟಿನೂ ಎರಡು ಮುರದಾವು. ಬಿಸಿಲಾಗ ಎಂಜಿನ್ ಕಾಯದಂಗ ಸಂಭಾಳಿಸಿ ಓಡಸಬೇಕಾಗತೈತಿ.” ಹೊಸದೇ ಸರಿ ಎಂದು ನನಗೂ ಗೊತ್ತಿತ್ತು. ಆದರೂ, “ಬಿರುಕಿಲ್ಲಂತ ಖಾತ್ರಿ ಮಾಡ್ಕೋ, ಮಾಡ್ಕೊಂಡು ಹಳೇದನ್ನ ಕೂಡಿಸು,” ಎಂದೆ. ಅವನು ಲೇತಿನವನ ಹತ್ತಿರ ಒಯ್ದು, ಬಿರುಕಿದ್ದರೆ ಅದರೊಳಗೆ ಇಳಿದು ಕಾಣುವಂಥ ಬಣ್ಣದ ನೀರು ಬಿಟ್ಟು ನೋಡಿಸಿದ. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ನೀವು ಯಾವುದನ್ನು ಮುಗಿಯಿತು ಎಂದಿರೋ ಅದರ ಮೇಲೆಯೇ ಓಡಿಸಬೇಕು ಅನ್ನಿಸಿತು. ಹಟವೇ ಅನ್ನಿ.

ನಿನ್ನೆ ಗಾಡಿ ಬಂತು. ಮಂಡಿ ನೋವಿಗೆ ಮೊದಲ ಕಿಕ್ ಮಾತ್ರ ಬಸಣ್ಣನೇ ಹೊಡೆದ. ಕಾಲೊನಿ ಸುತ್ತಿ ಬಂದೆ. ಹೊಗೆಯಿಲ್ಲ, ಸದ್ದು ಮೊದಲಿನಂತೆ ಗಟ್ಟಿಯಾಗಿದೆ. ಆಮೇಲೆ ಮಂಡಿ ಹಿಡಿದುಕೊಂಡು ನಾನೇ ಕಿಕ್ ಹೊಡೆದು ಇನ್ನೊಂದು ಸುತ್ತು ಹಾಕಿದೆ. ಖುಷಿಗೋ ಸಂಕಟಕ್ಕೋ, ಹೇಳಲಾರೆ.

ಇನ್ನು ನಿಮ್ಮ ವರ್ಷದ ತಿಥಿ, ಬೀದರಿನ ನಿಮ್ಮ ಮನೆಯಲ್ಲಿ. ಬರುತ್ತೇನೆ, ಎಲೆಯ ಮುಂದೆ ಕೈಯನ್ನೂ ಮುಗಿಯುತ್ತೇನೆ. ಕ್ಷಮಿಸುವುದು ಮಾತ್ರ ಇನ್ನೂ ಆಗಿಲ್ಲ. ಬೀದರಿನಿಂದ ನಿಮ್ಮ ಅಣ್ಣ ಫೋನು ಮಾಡಿದ್ದರು. “ಬಸ್ಸಿಗೆ ಬರತೀಯೇನವಾ, ಕಾರ ಕಳಸಲೇನು?”

“ಎರಡೂ ಬ್ಯಾಡ್ರಿ ಭಾವಾರ, ಗಾಡಿ ಮ್ಯಾಲ ಬರತೀನಿ.”

“ಯಾರ ಹಿಂದ ಕೂತು?”

“ಯಾರ ಹಿಂದನೂ ಅಲ್ರಿ,” ಎಂದೆ. “ನಾನಽ ಹೊಡಕೊಂಡು ಬರತೀನಿ.”